ಹೊಂಡದ ಮೀನನ್ನು ದಣಿಸದೆ ಹಿಡಿಯುವುದು ಹೇಗೆ?

ಹಾನಗಲ್ ಕಡೆಯ ಒಂದು ಕೃಷಿ ಹೊಂಡ. ನಾಲ್ಕು ಜನ ನೀರಿಗಿಳಿದು, ಕೂಗುತ್ತಾ, ಕೋಲಿನಿಂದ ನೀರು ಬಡಿಯುತ್ತಾ ಕಾಟ್ಲಾ, ರೋಹುಗಳನ್ನು ಮುಕ್ಕಾಲು ತಾಸು ಅಟ್ಟಾಡಿಸಿದರು. ಡ್ರಮ್‌ಗೆ ಹಾಕುವಾಗ ಎಲ್ಲವೂ ಜೀವಂತ. ಹಾವೇರಿ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ‘ಡ್ರಮ್ ಸಣ್ಣದಾಯ್ತು’ ಅಂದರು. ಅಲ್ಲ, ಅವು ಈಜಿ ಈಜಿ ಸತ್ತವು.

ಪ್ರಾಣಭಯದಿಂದ ಈಜುವ ಮೀನಿನ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡುತ್ತದೆ. ಈಜು ನಿಂತ ಮೇಲೂ ಅದು ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಮೀನಿನ ಹೃದಯಕ್ಕೆ ಎರಡೇ ಕೋಣೆ. ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ ಅಳಿದುಳಿದ ಆಮ್ಲಜನಕದ ಮೇಲೆಯೇ ಅದು ಬಡಿಯಬೇಕು. ಮೈ ಎಲ್ಲವನ್ನೂ ಬಳಿದುಕೊಂಡರೆ ಹೃದಯಕ್ಕೆ ಏನು ಉಳಿಯುತ್ತದೆ? ಹೀಗೆ ದಣಿದ ಮೀನು ಸುಧಾರಿಸಿಕೊಳ್ಳಲು ಹಲವು ತಾಸು ಬೇಕು.

ಹಿಂದಿನ ದಿನ ಆಹಾರ ಹಾಕಬೇಡಿ. ಬೆಳಗಿನ ತಂಪಿನಲ್ಲೇ ಹಿಡಿಯಿರಿ. 20 ಡಿಗ್ರಿ ನೀರಿನಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ 7.5 ಮಾತ್ರ. ನೀರು ಕಡುಹಸಿರಾಗಿದ್ದರೆ ಹೊತ್ತು ಹುಟ್ಟಿ ಒಂದು ತಾಸು ಬಿಡಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ತಗ್ಗಿಸಿರುತ್ತದೆ.

ಇನ್ನು ಬಲೆ. ಎಲ್ಲರೂ ಎಡವುವುದು ಇಲ್ಲೇ. ಹೊಂಡದ ಅಗಲಕ್ಕೆ ಸಾಲುವ, ದಡದಿಂದ ಎಳೆಯುವ ಬಲೆ ಇರಲಿ. ಗಂಟಿಲ್ಲದ್ದನ್ನೇ ಕೊಳ್ಳಿ, ಅಗ್ಗದ ಒರಟು ಬಲೆ ಹುರುಪೆ ಕಿತ್ತುಹಾಕುತ್ತದೆ. ಎರಡೂ ದಡದಲ್ಲಿ ಒಬ್ಬೊಬ್ಬರು ನಿಧಾನಕ್ಕೆ ನಡೆಯಿರಿ. ಗದ್ದಲ ಬೇಡ. ಒಂದೇ ಎಳೆತ. ತಪ್ಪಿಸಿಕೊಂಡವುಗಳ ಬೆನ್ನು ಹತ್ತಬೇಡಿ, ಅವು ಇನ್ನೊಂದು ದಿನಕ್ಕಿರಲಿ.

ಮೀನು ಒಟ್ಟಾದ ಕೂಡಲೇ ಮೇಲೆತ್ತಬೇಡಿ! ಬಲೆಯನ್ನು ಆಳದ ನೀರಿನಲ್ಲೇ ಸಡಿಲವಾಗಿ ಬಿಟ್ಟು ಕಾಯಿರಿ. ನಮಗೆ ಮೀನಿನ ನಾಡಿ ಹಿಡಿಯೋಕೆ ಆಗಲ್ಲ ಅಲ್ವಾ, ಕಿವಿರಿನ ಮುಚ್ಚಳ ನೋಡಿ. ಒಂದು ಮೀನು ಆರಿಸಿಕೊಂಡು, 15 ಸೆಕೆಂಡಿನಲ್ಲಿ ಮುಚ್ಚಳ ಎಷ್ಟು ಸಲ ತೆರೆಯಿತು ಅಂತ ಎಣಿಸಿ. ಐದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಣಿಕೆ ಇಳಿದು ಒಂದೇ ಸಮ ನಿಂತು, ಮೀನು ನೆಟ್ಟಗೆ ಈಜುತ್ತಿದ್ದರೆ ಮುಂದುವರಿಯಿರಿ. ಎಣಿಕೆ ಇಳಿದಿದೆ, ಆದರೆ ಮೀನು ಮಗ್ಗುಲಿಗೆ ವಾಲುತ್ತಿದೆ ಅಂದರೆ ಅದು ಸುಧಾರಿಸಿದ್ದಲ್ಲ, ಉಸಿರು ಕಟ್ಟಿದ್ದು. ಆಗ ಹೃದಯ ಬಡಿತವೂ ಇಳಿಯುತ್ತದೆ. ಬಲೆ ಬಿಚ್ಚಿ ಬಿಟ್ಟುಬಿಡಿ.

ಬುಟ್ಟಿಯಲ್ಲಿ ಎತ್ತಬೇಡಿ, ನೀರು ತುಂಬಿದ ಬಕೆಟ್‌ನಲ್ಲಿ ಎತ್ತಿ. ಗಾಳಿಗೆ ಬಂದರೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡ್ರಮ್‌ಗೆ ಅದೇ ಹೊಂಡದ ನೀರು, ಲೀಟರ್‌ಗೆ 3ರಿಂದ 5 ಗ್ರಾಂ ಹರಳುಪ್ಪು. ದಣಿದ ಮೀನಿನ ಮೈಯ ಉಪ್ಪು ನೀರಿಗೆ ಸೋರುತ್ತದೆ, ಅದಕ್ಕೆ ಇದು ತಡೆ. ನೀರಿಗೆ ಹಾಕುವ ಆಕ್ಸಿಜನ್ ಮಾತ್ರೆ ನಂಬಿಕೊಂಡು ಬ್ಯಾಟರಿ ಗಾಳಿ ಪಂಪ್ ಮನೆಯಲ್ಲಿ ಬಿಟ್ಟು ಬರಬೇಡಿ. ಡ್ರಮ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹೊರಡಿ.