ಹಳೇ ಬೆಂಜ್ ಕಾರಿನ ಒಳಗೆ ಯಾವ ಮರ ಹಾಕೋದು?

ಬಾಗಿಲು, ಪೂಜಾ ಮಂಟಪ, ಮೆಟ್ಟಿಲ ರೇಲಿಂಗ್‌ಗೆ ಪಾಲಿಶ್ ಮಾಡುವುದು ನಮ್ಮ ಮನೆಯ ಕಸುಬು. ಕೋಲಾರದಲ್ಲಿ ಟೇಕಲ್ ರಸ್ತೆ ಕಡೆ ನಮ್ಮ ಶೆಡ್ ಇದೆ. ಕಾರಿನ ಒಳಗಿನ ಮರಕ್ಕೆ ನಾನು ಕೈ ಹಾಕಿದ್ದು ಆಮೇಲೆ. ಈಗ ಬೆಂಗಳೂರಿಂದಲೂ ಹಳೇ ಬೆಂಜ್, ಜಾಗ್ವಾರ್ ಇರುವವರು ಪ್ಯಾನೆಲ್ ಬಿಚ್ಚಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಯಾವ ಮರ ಹಾಕಿದ್ರೆ ಚೆನ್ನಾಗಿ ಕಾಣುತ್ತೆ?" ನಾನು ತಿರುಗಿ ಕೇಳುವುದು: "ಗಾಡಿ ಎಲ್ಲಿ ನಿಲ್ಲಿಸ್ತೀರಿ?"

ಈ ಪ್ರಶ್ನೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. 2023ರ ಜುಲೈನಲ್ಲಿ ಟೊಮೆಟೊ ರೇಟು ಏರಿತ್ತಲ್ಲ, ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಆ ಹೊತ್ತಿನಲ್ಲಿ ಒಬ್ಬ ಮಂಡಿ ಮಾಲೀಕರು ಬಹಳ ದಿನದ ಆಸೆ ತೀರಿಸಿಕೊಂಡರು. ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್, ಡಬ್ಲ್ಯು124 ಮಾಡೆಲ್. 1995ರಲ್ಲಿ ಬೆಂಜ್ ಕಂಪನಿ ಪುಣೆಯಲ್ಲಿ ಗಾಡಿ ಮಾಡಲು ಶುರು ಮಾಡಿದಾಗ ಮೊದಲು ಹೊರಬಂದದ್ದು ಇದೇ ಮಾಡೆಲ್. ಎಂಜಿನ್ ಗಟ್ಟಿಮುಟ್ಟಾಗಿತ್ತು. ಒಳಗಿನ ಮರ ಮಾತ್ರ ಹೋಗಿತ್ತು. ಗೇರ್ ಸುತ್ತಿನ ಪಟ್ಟಿ, ಆಶ್‌ಟ್ರೇ ಮುಚ್ಚಳ, ಬಾಗಿಲ ಪಟ್ಟಿ, ಎಲ್ಲದರ ಮೇಲೂ ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದ ಹಾಗೆ ಬಿರುಕು.

ಅವರ ಗಾಡಿ ದಿನಾ ಬೆಳಗ್ಗೆಯಿಂದ ಹರಾಜು ಮುಗಿಯುವ ತನಕ ಮಂಡಿ ಹತ್ತಿರ ಬಯಲಲ್ಲೇ ನಿಲ್ಲುತ್ತದೆ. ನೆರಳಿಲ್ಲ, ಕವರ್ ಇಲ್ಲ. ಗಾಜು ಮುಚ್ಚಿದ ಕಾರು ಮಧ್ಯಾಹ್ನದ ಹೊತ್ತಿಗೆ ಒಳಗೆ ಕಾದು, ಡ್ಯಾಶ್‌ಬೋರ್ಡ್ ಮೇಲೆ ಕೈ ಇಡೋಕೆ ಆಗುವುದಿಲ್ಲ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮರ ಆರಿಸಬೇಕಿತ್ತು.

ತುಂಬಾ ಜನ ಕಾರಿನ ಒಳಗೆ ಇರುವುದು ಮರದ ಹಲಗೆ ಅಂದುಕೊಂಡಿರುತ್ತಾರೆ. ಅಲ್ಲ. ಅದು ವಿನೀರ್, ಅರ್ಧ ಮಿಲಿಮೀಟರ್ ಆಸುಪಾಸಿನ ಮರದ ಹಾಳೆ. ಅದರ ಕೆಳಗೆ ಅಲ್ಯೂಮಿನಿಯಂ, ಪ್ಲೈ ಅಥವಾ ಪ್ಲಾಸ್ಟಿಕ್. ಮೇಲೆ ದಪ್ಪ ಲ್ಯಾಕರ್, ಅಂದರೆ ಹೊಳಪಿನ ಗಟ್ಟಿ ಪದರ. ಬಿಸಿಗೆ ಲೋಹ ಹಿಗ್ಗುವ ಲೆಕ್ಕ ಬೇರೆ, ಲ್ಯಾಕರ್ ಹಿಗ್ಗುವ ಲೆಕ್ಕ ಬೇರೆ. ಮರ ಬಿಸಿಗಿಂತ ತೇವಕ್ಕೆ ಜಾಸ್ತಿ ಆಡುತ್ತದೆ, ಅಂದರೆ ಹಿಗ್ಗಿ ಕುಗ್ಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಈ ಮೂರೂ ಜಗ್ಗಾಡಿದರೆ ಮೊದಲು ಸೋಲುವುದು ಲ್ಯಾಕರ್, ಯಾಕಂದ್ರೆ ಬಿಸಿಲು ತಿಂದು ಅದು ಆಗಲೇ ಗಾಜಿನಂತೆ ಗಡಸಾಗಿರುತ್ತದೆ. ಹೀಟ್ ಗನ್ ಹಿಡಿದು ಹಳೇ ಲ್ಯಾಕರ್ ಎಬ್ಬಿಸುವಾಗ ಅದು ಚೂರು ಚೂರಾಗಿ ಸಿಡಿಯುತ್ತದೆ. ಕನ್ನಡಕ ಹಾಕದೆ ಆ ಕೆಲಸ ಮಾಡಬೇಡಿ.

ಆ ಗಾಡಿಯಲ್ಲಿ ಮೊದಲಿದ್ದದ್ದು ಝೆಬ್ರಾನೊ. ಕ್ಯಾಮರೂನ್, ಗ್ಯಾಬೊನ್ ಕಡೆಯ ಮರ. ತಿಳಿ ಕಂದಿನ ಮೇಲೆ ಕಡುಗಪ್ಪು ಪಟ್ಟೆ. ಆ ಕಾಲದ ಬೆಂಜ್‌ಗಳಲ್ಲಿ ಇದನ್ನು ಬಹಳ ನೋಡಬಹುದು. ಗಾಡಿಯನ್ನು ಕಂಪನಿಯಿಂದ ಬಂದ ಹಾಗೇ ಉಳಿಸಿಕೊಳ್ಳಬೇಕು ಅನ್ನುವವರಿಗೆ ನಾನು ಮತ್ತೆ ಝೆಬ್ರಾನೊನೇ ಹಾಕಿಸಿ ಅನ್ನುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಗಾಡಿಯ ಸೀಟುಗಳನ್ನು ಹಿಂದಿನ ಮಾಲೀಕರೇ ಬದಲಿಸಿ, ಕಂದು ಬಣ್ಣದ ಹೊಲಿಗೆ ಗೆರೆಯ ಕವರ್ ಹಾಕಿಸಿದ್ದರು. ಸೀಟಲ್ಲೂ ಗೆರೆ, ಮರದಲ್ಲೂ ಗೆರೆ ಅಂದರೆ ಕಣ್ಣಿಗೆ ಕಿರಿಕಿರಿ.

ಮಂಡಿ ಮಾಲೀಕರಿಗೆ ಬೀಟೆ ಬೇಕಿತ್ತು. "ಮೈಸೂರಿನ ಬೀಟೆ ಕೆಲಸ ನೋಡಿದ್ದೀನಿ, ಅದೇ ಥರ ಕೆಂಪಗೆ ಮಿರಮಿರ ಅನ್ನಬೇಕು" ಅಂದರು. ಬೀಟೆ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಬೀಟೆ ಅಂದರೆ ಕಾಗದ ಪತ್ರದ ಮರ. ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ ನಿಯಂತ್ರಣ ಬಿಗಿಯಾಗಿದೆ. ಬಿಲ್ ಇಲ್ಲದ ಬೀಟೆ ಹಾಳೆಯನ್ನು ನಾನು ಶೆಡ್ ಒಳಗೆ ಬಿಡುವುದಿಲ್ಲ. ಇನ್ನೊಂದು ಕಷ್ಟ, ಬೀಟೆಯಲ್ಲಿ ಎಣ್ಣೆಯಂಥ ಅಂಶ ಜಾಸ್ತಿ. ಅದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಲ್ಯಾಕರ್ ಹೊಡೆದರೆ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಮೊದಲು ಪಿಯು (ಪಾಲಿಯುರೆಥೇನ್) ಸೀಲರ್ ಹೊಡೆದು ಮುಚ್ಚಬೇಕು.

ಸಾಗುವಾನಿ ತೋರಿಸಿದೆ. ನೇರ ಎಳೆ, ಅಷ್ಟಾಗಿ ಆಡದ ಮರ. ಅಂಟು ಹಾಕುವ ಮುಂಚೆ ಥಿನ್ನರ್‌ನಲ್ಲಿ ಒರೆಸಿಕೊಂಡರೆ ಆಯಿತು. "ಬ್ಯಾಡಪ್ಪ, ಮನೆ ಬಾಗಿಲು ಕಂಡಂಗೆ ಕಾಣುತ್ತೆ" ಅಂದುಬಿಟ್ಟರು. ಅದಕ್ಕೆ ಏನು ಹೇಳೋದು?

ಆಮೇಲೆ ವಾಲ್‌ನಟ್, ಅಂದರೆ ಅಕ್ರೋಟು ಮರ. ಇದರಲ್ಲಿ ಎರಡು ಬಗೆ. ಗಂಟಿನ ವಾಲ್‌ನಟ್ ಅಂದರೆ ಮರದ ಬುಡದಲ್ಲೋ ಕಾಂಡದಲ್ಲೋ ಬೆಳೆದ ಗಂಟನ್ನು ಹಾಳೆ ಮಾಡಿದ್ದು. ಸುಳಿ ಸುಳಿಯಾಗಿ, ಮೋಡ ಮೋಡವಾಗಿ ಇರುತ್ತದೆ. ದೊಡ್ಡ ಕಾರು ಅಂದರೆ ಜನರ ಕಣ್ಣಿಗೆ ಬರುವುದು ಇದೇ. ಅಕ್ಕಪಕ್ಕದ ಎರಡು ಹಾಳೆ ತೆಗೆದುಕೊಂಡು ಪುಸ್ತಕ ಬಿಡಿಸಿದ ಹಾಗೆ ಜೋಡಿಸಿದರೆ ಎಡಕ್ಕೂ ಬಲಕ್ಕೂ ಕನ್ನಡಿ ಬಿಂಬ. ಬೆಂಟ್ಲಿ, ರೋಲ್ಸ್ ರಾಯ್ಸ್‌ನವರು ಡ್ಯಾಶ್‌ಬೋರ್ಡ್ ಉದ್ದಕ್ಕೂ ಮಾಡುವುದು ಅದನ್ನೇ. ಆದರೆ ಗಂಟಿನ ಹಾಳೆ ಹಪ್ಪಳದಷ್ಟು ಪೆಡಸು. ಗ್ಲಿಸರಿನ್ ಬೆರೆಸಿದ ನೀರು ಸಿಂಪಡಿಸಿ, ಹಲಗೆಗಳ ನಡುವೆ ಒತ್ತಿ ಮೆತ್ತಗೆ ಮಾಡಿಕೊಂಡರೂ ಚಿಕ್ಕ ತಿರುವಿನಲ್ಲಿ ಒಡೆಯುತ್ತದೆ. ಅಗಲವಾದ ಡ್ಯಾಶ್ ಪ್ಯಾನೆಲ್ ಇದ್ದರೆ ಗಂಟು ಹಾಕಿ, ಶೋಭಿಸುತ್ತದೆ. ಈ ಗಾಡಿಯಲ್ಲಿ ಇದ್ದದ್ದು ಕಿರಿದಾದ ಪಟ್ಟಿಗಳು. ಎರಡು ಬೆರಳಗಲದ ಪಟ್ಟಿಯಲ್ಲಿ ಸುಳಿ ಸುಳಿ ಹಾಳೆ ಕೂರಿಸಿದರೆ ಅದು ಚಿತ್ತಾರವಾಗಿ ಕಾಣುವುದಿಲ್ಲ, ಕಲೆಯ ಹಾಗೆ ಕಾಣುತ್ತದೆ. ನೇರ ಎಳೆಯ ವಾಲ್‌ನಟ್ ಆದರೆ ಪಟ್ಟಿಯ ಉದ್ದಕ್ಕೂ ಓಡುತ್ತದೆ, ಅಂಚಿನಲ್ಲಿ ಸುಲಭವಾಗಿ ಬಾಗುತ್ತದೆ.

ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ನಾನು ಅಂಗಡಿ ಸ್ಯಾಂಪಲ್ ತೋರಿಸುವುದನ್ನೇ ಬಿಟ್ಟಿದ್ದೇನೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ ತಂದ ಹಾಳೆಗಳ ತುಂಡನ್ನು ಕಾರಿನ ಒಳಗೇ, ಆಯಾ ಜಾಗದಲ್ಲೇ ಟೇಪ್ ಹಾಕಿ ನಿಲ್ಲಿಸುತ್ತೇನೆ. ಒಣ ವಿನೀರ್ ನೋಡಿ ಏನೂ ಗೊತ್ತಾಗುವುದಿಲ್ಲ, ಬೂದು ಬೂದಾಗಿ ಸತ್ತ ಹಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಲ್ಯಾಕರ್ ಬಿದ್ದ ಮೇಲಿನ ಬಣ್ಣ ಹೆಚ್ಚುಕಡಿಮೆ ಆಗಲೇ ಎದ್ದು ಬರುತ್ತದೆ. ನೀರು ಆರುವ ಒಳಗೆ ನೋಡಿಕೊಳ್ಳಬೇಕು ಅಷ್ಟೇ. ಮಧ್ಯಾಹ್ನ ಒಂದು ಸಲ, ಕತ್ತಲಾದ ಮೇಲೆ ಒಳಗಿನ ದೀಪ ಹಾಕಿ ಇನ್ನೊಂದು ಸಲ. ಹೊರಗೆ ಕೆಂಪಗೆ ಹೊಳೆದಿದ್ದ ಬೀಟೆ ಕಾರಿನ ಒಳಗೆ ಪೂರ್ತಿ ಕಪ್ಪಾಗಿ ಕಂಡಿತು. ಮಾಲೀಕರೇ ಸ್ಟಿಯರಿಂಗ್ ಮುಂದೆ ಕೂತು, ಅತ್ತ ಇತ್ತ ನೋಡಿ, "ಇದೇ ಇರಲಿ" ಅಂತ ವಾಲ್‌ನಟ್ ಮೇಲೆ ಬೆರಳಿಟ್ಟರು.

ವಾಲ್‌ನಟ್‌ಗೂ ಒಂದು ಗುಣ ಇದೆ, ಮೊದಲೇ ಹೇಳಿಬಿಡಬೇಕು. ಬಿಸಿಲಿಗೆ ಅದು ವರ್ಷ ವರ್ಷಕ್ಕೆ ತಿಳಿಯಾಗುತ್ತಾ ಜೇನುಬಣ್ಣಕ್ಕೆ ಬರುತ್ತದೆ. ಚೆರಿ ಮರ, ಹಲಸಿನ ಮರ ಇದಕ್ಕೆ ಉಲ್ಟಾ, ಕಪ್ಪಾಗುತ್ತಾ ಹೋಗುತ್ತವೆ. ಹಾಗಾಗಿ ಇವತ್ತಿನ ಬಣ್ಣಕ್ಕೆ ಮರುಳಾಗದೆ, ಒಂದು ಛಾಯೆ ಕಡುವಾದದ್ದನ್ನೇ ಆರಿಸಿದೆವು.

ಹೊಳಪು ಎಷ್ಟಿರಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೆ ಜಾಸ್ತಿ ಜಗಳ ನಡೆಯಿತು. ಅವರಿಗೆ ಕನ್ನಡಿ ಹೊಳಪು ಬೇಕು. ನಾನು ಬೇಡ ಅಂದೆ. ಗೇರ್ ಪಕ್ಕದ ಪಟ್ಟಿ ಮಿರಮಿರ ಅಂದರೆ ಮಧ್ಯಾಹ್ನದ ಬಿಸಿಲು ಅಲ್ಲಿ ಬಿದ್ದು ಸೀದಾ ಕಣ್ಣಿಗೆ ಹೊಡೆಯುತ್ತದೆ. ಮಂಡಿಯ ಕೆಂಪು ಧೂಳು ಬೇರೆ. ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಸಣ್ಣ ಗೀರು ಬೀಳುತ್ತವೆ. ಈಗಿನ ಹೊಸ ದುಬಾರಿ ಕಾರುಗಳಲ್ಲಿ ಓಪನ್ ಪೋರ್ ಅಂತ, ಎಳೆ ಕೈಗೆ ಸಿಗುವ ಹಾಗೆ ಬಿಟ್ಟ ಮಂದ ಫಿನಿಶ್ ಹೆಚ್ಚು ಬರುತ್ತಿದೆ. ನನಗೆ ಅದು ಇಷ್ಟ, ಆದರೆ ಹಳೇ ಗಾಡಿಗೆ ಒಗ್ಗುವುದಿಲ್ಲ. ಕೊನೆಗೆ ನಡುವಿನ ದಾರಿ: ಸ್ಯಾಟಿನ್, ಅಂದರೆ ಅರೆ ಹೊಳಪು.

ಬಿಸಿಲಲ್ಲಿ ನಿಲ್ಲುವ ಗಾಡಿಗೆ ಮರಕ್ಕಿಂತ ಮೇಲಿನ ಕೋಟ್ ಮುಖ್ಯ. ಫರ್ನಿಚರ್‌ಗೆ ಹೊಡೆಯುವ ಪಿಯುಗಳಲ್ಲಿ ಅರೋಮ್ಯಾಟಿಕ್ ಅನ್ನುವ ಬಗೆಯ ಹಾರ್ಡ್ನರ್ (ಕೋಟ್ ಗಟ್ಟಿಯಾಗಲು ಬೆರೆಸುವ ದ್ರವ) ಇರುವವು ಬಿಸಿಲು ಕಂಡರೆ ಹಳದಿಗೆ ತಿರುಗುತ್ತವೆ. ಮನೆಯೊಳಗಿನ ಬೀರುವಿಗೆ ನಡೆಯುತ್ತದೆ, ಕಾರಿಗೆ ಬೇಡ. ಅಲಿಫ್ಯಾಟಿಕ್ ಹಾರ್ಡ್ನರ್‌ನ, ಯುವಿ ತಡೆಯುವ ಟೂಕೆ ಕ್ಲಿಯರ್ (ಎರಡು ಭಾಗ ಬೆರೆಸಿ ಹೊಡೆಯುವ, ಬಣ್ಣವಿಲ್ಲದ ಕೋಟ್) ಕೇಳಿ ತನ್ನಿ. ಮಳೆ ಹಿಡಿದ ದಿನ ಹೊಡೆಯಬೇಡಿ. ಹಾರ್ಡ್ನರ್ ತೇವದ ಜೊತೆ ಸೇರಿದರೆ ಗ್ಯಾಸ್ ಹುಟ್ಟಿ ಕೋಟ್ ತುಂಬ ಸಣ್ಣ ಗುಳ್ಳೆ. ಅಂಟಿಗೂ ಇದೇ ಎಚ್ಚರ. ಮರಗೆಲಸದ ಬಿಳಿ ಅಂಟು ಕಾದ ಕಾರಿನಲ್ಲಿ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಮೇಲೆ ನಾನು ಎಪಾಕ್ಸಿ ಅಂಟನ್ನೇ ನಂಬುತ್ತೇನೆ.

ದಪ್ಪದ ಲೆಕ್ಕವೂ ಇದೆ. ಆಶ್‌ಟ್ರೇ ಮುಚ್ಚಳಕ್ಕೆ ಸುತ್ತ ಇರುವ ಸಂದು ಕೂದಲೆಳೆಯಷ್ಟೇ. ಚೆಂದ ಆಗಲಿ ಅಂತ ಎರಡು ಕೋಟ್ ಜಾಸ್ತಿ ಹೊಡೆದರೆ ಮುಚ್ಚಳ ಉಜ್ಜಿಕೊಂಡು ಹೋಗುತ್ತದೆ. ಪ್ರತಿ ಕೋಟ್ ಆದಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಿಡಿದು ಸಮ ಮಾಡಿ, ಮುಚ್ಚಳವನ್ನು ಜಾಗದಲ್ಲಿ ಕೂರಿಸಿ, ಮುಚ್ಚಿ ತೆಗೆದು ನೋಡುತ್ತಿದ್ದೆ.

ಹೊಸ ಗಾಡಿಯವರು ಕೆಲವರು ಅಂಟಿಸುವ ಮರದ ಕಿಟ್ ತಂದು ಕೇಳುತ್ತಾರೆ. ಮರ ಅಂದರೂ ಬಹಳಷ್ಟು ಕಿಟ್‌ನಲ್ಲಿ ಇರುವುದು ಚಿತ್ರದ ಮೇಲೆ ರಾಳ. ರುಚಿ ಅವರವರದು. ಆದರೆ ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಏನನ್ನೂ ಅಂಟಿಸಿ ಕೊಡುವುದಿಲ್ಲ. ಏರ್‌ಬ್ಯಾಗ್ ಸಿಡಿದಾಗ ಆ ತುಂಡು ಸೀದಾ ಮುಖಕ್ಕೆ ಬರುತ್ತದೆ.

ಹಾಳೆ ಕೊಳ್ಳುವಾಗ ಒಂದೇ ಮರದಿಂದ ಸಾಲಾಗಿ ಸೀಳಿದ್ದನ್ನೇ, ಬೇಕಾದ್ದಕ್ಕಿಂತ ಒಂದೆರಡು ಹೆಚ್ಚಿಗೆ ತರುತ್ತೇನೆ. ಉಳಿದದ್ದರ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಎರಡು ರಟ್ಟಿನ ನಡುವೆ ಇಟ್ಟು ಮಾಲೀಕರಿಗೇ ಕೊಟ್ಟುಬಿಡುತ್ತೇನೆ. ನಾಳೆ ಯಾರಾದರೂ ಒಂದು ಬಾಗಿಲ ಪಟ್ಟಿ ಮುರಿದರೆ, ಅದಕ್ಕೆ ಹೊಂದುವ ಹಾಳೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.