ಆಭರಣ ಮಾಡುವ ಕೈಗೆ ನಿಕಲ್ ಅಲರ್ಜಿ: ಪತ್ತೆ ಹೇಗೆ, ಏನನ್ನು ಬದಲಿಸಬೇಕು

ರೇಷ್ಮೆ ದಾರದ ಜುಮುಕಿ, ಟೆರಾಕೋಟಾ ಸರ, ಮಣಿ ಬಳೆ ಮಾಡುವವರ ಬೆರಳಲ್ಲಿ ತುರಿಕೆ ಶುರುವಾದರೆ ಮೊದಲು ಅನುಮಾನ ಬೀಳುವುದು ಅಂಟಿನ ಮೇಲೆ, ಇಲ್ಲವೇ ಪಾತ್ರೆ ತೊಳೆಯುವ ಸೋಪಿನ ಮೇಲೆ. ಅವೂ ಕಾರಣ ಆಗಬಹುದು. ಆದರೆ ಕಿವಿಯ ಕೊಕ್ಕೆ, ಬಿಡಿಭಾಗ ಜೋಡಿಸುವ ಪುಟ್ಟ ಲೋಹದ ಬಳೆಯಂಥ ಜಂಪ್ ರಿಂಗ್, ಮಣಿ ಪೋಣಿಸುವ ಹೆಡ್ ಪಿನ್‌ಗಳಲ್ಲಿರುವ ನಿಕಲ್ ಲೋಹವನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಿಕಲ್ ಅಲರ್ಜಿ ಮುಟ್ಟಿದ ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 12ರಿಂದ 72 ಗಂಟೆ ಹಿಡಿಯುತ್ತದೆ. ಭಾನುವಾರ ಮಧ್ಯಾಹ್ನ ರಿಂಗ್ ಬಿಚ್ಚಿ ಮುಚ್ಚಿದವರಿಗೆ ಮಂಗಳವಾರ ಬೆಳಿಗ್ಗೆ ಕೈ ಕೆರೆದರೆ ಎರಡಕ್ಕೂ ನಂಟು ಹೊಳೆಯುವುದು ಕಷ್ಟ.

ಗುಳ್ಳೆ ಎಲ್ಲಿ ಎದ್ದಿದೆ ಎಂಬುದನ್ನು ಬೆಳಕಿನಲ್ಲಿ ಸರಿಯಾಗಿ ನೋಡಿ. ಜಂಪ್ ರಿಂಗ್ ಹಿಡಿಯುವ ಹೆಬ್ಬೆರಳು, ತೋರುಬೆರಳಿನ ತುದಿ ಮತ್ತು ಪಕ್ಕಗಳಲ್ಲಿ ಸಣ್ಣ ನೀರುಗುಳ್ಳೆ, ಒಣಗಿ ಬಿರಿದ ಚರ್ಮ ಇದ್ದರೆ ಬಿಡಿಭಾಗಗಳ ಮೇಲೆ ಸಂಶಯ ಪಡಬೇಕು. ಅಂಗೈಯ ನಡುವೆ ಇದ್ದರೆ ಇಕ್ಕಳದ ಹಿಡಿಯ ರಬ್ಬರ್ ಸವೆದು ಲೋಹ ತಾಗುತ್ತಿದೆಯೇ ನೋಡಿ. ತುಟಿಯ ಸುತ್ತ ಕೆಂಪಾಗಿದ್ದರೆ, ಪಿನ್‌ಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ನೆನಪಿಸಿಕೊಳ್ಳಿ. ಅದೇ ಬೆರಳಿನಿಂದ ಕಣ್ಣು ಉಜ್ಜಿದರೆ ರೆಪ್ಪೆಯೂ ಊದುತ್ತದೆ. ಅಲ್ಲಿನ ಚರ್ಮ ಬಹಳ ತೆಳು. ತಾಮ್ರದ ತಂತಿ ಬಳಸಿದ ಮೇಲೆ ಬೆರಳು ಹಸಿರಾಗುವುದು ಮಾತ್ರ ಅಲರ್ಜಿಯಲ್ಲ, ಬರೀ ಕಲೆ. ಸೋಪು ಹಾಕಿ ತೊಳೆದರೆ ಹೋಗುತ್ತದೆ.

ಲೋಹ ಸುಮ್ಮನೆ ಡಬ್ಬಿಯಲ್ಲಿದ್ದರೆ ಏನೂ ಆಗದು. ಬೆವರಿನ ಉಪ್ಪು ತಾಗಿದಾಗ ನಿಕಲ್ ಸ್ವಲ್ಪ ಸ್ವಲ್ಪವೇ ಕರಗಿ ಚರ್ಮದೊಳಗೆ ಇಳಿಯುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ, ಕರಾವಳಿಯ ಸೆಕೆಯಲ್ಲಿ ತೊಂದರೆ ಹೆಚ್ಚು. ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಒಮ್ಮೆ ದೇಹ ನಿಕಲ್ಲನ್ನು ಗುರುತಿಟ್ಟುಕೊಂಡರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಾಗಂತ ಹವ್ಯಾಸ ಬಿಡಬೇಕಿಲ್ಲ. ನಿಕಲ್ ಬಿಡುವ ನಾಲ್ಕಾರು ಬಿಡಿಭಾಗ ಯಾವುವೆಂದು ಹುಡುಕಿ ಬದಲಿಸಿದರೆ ಬಹುಪಾಲು ಜನರಿಗೆ ಸಾಕು.

ಪತ್ತೆ ಮಾಡುವುದು ಹೀಗೆ

ಅಯಸ್ಕಾಂತ ಹಿಡಿದು ನೋಡುವುದನ್ನು ನೆಚ್ಚಬೇಡಿ. ಜರ್ಮನ್ ಸಿಲ್ವರ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ಅದರಲ್ಲಿ ಸುಮಾರು ಶೇ. 20 ನಿಕಲ್ ಇರುತ್ತದೆ. ಉಳಿದದ್ದು ತಾಮ್ರ ಮತ್ತು ಸತು, ಬೆಳ್ಳಿ ಚೂರೂ ಇಲ್ಲ. ಬೇಕಾಗಿರುವುದು ಡೈಮಿಥೈಲ್‌ಗ್ಲೈಆಕ್ಸಿಮ್ ಪರೀಕ್ಷೆ. 'ನಿಕಲ್ ಟೆಸ್ಟ್ ಕಿಟ್' ಎಂದು ಆನ್‌ಲೈನಿನಲ್ಲಿ ಸಿಗುತ್ತದೆ: ಒಂದು ಬಾಟಲಿಯಲ್ಲಿ ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 1ರ ಡೈಮಿಥೈಲ್‌ಗ್ಲೈಆಕ್ಸಿಮ್, ಇನ್ನೊಂದರಲ್ಲಿ ಅಮೋನಿಯಾ ದ್ರಾವಣ.

ಕಿಟಕಿ ತೆಗೆದಿಟ್ಟು, ಕೈಗವಸು ಹಾಕಿಕೊಳ್ಳಿ. ಕಿವಿಗೆ ಬಳಸುವ ಹತ್ತಿ ಕಡ್ಡಿಯ ತುದಿಗೆ ಎರಡೂ ಬಾಟಲಿಯಿಂದ ಎರಡೆರಡು ಹನಿ ಹಾಕಿ, ಲೋಹವನ್ನು 30 ಸೆಕೆಂಡ್ ಒತ್ತಿ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆ ಎಂದರ್ಥ. ನೀಲಿ ಛಾಯೆ ಬಂದರೆ ಅದು ಅಮೋನಿಯಾ ತಾಮ್ರಕ್ಕೆ ತಾಗಿದ್ದರಿಂದ, ಗಾಬರಿ ಬೇಡ. ಕಿಟ್ ಸರಿಯಿದೆಯೇ ಎಂದು ಮೊದಲು ಹಳೆಯ ದಪ್ಪ 5 ರೂಪಾಯಿ ನಾಣ್ಯದ ಮೇಲೆ ಉಜ್ಜಿ ನೋಡಿ. 9 ಗ್ರಾಂ ತೂಗುವ ಆ ನಾಣ್ಯ ಶೇ. 75 ತಾಮ್ರ, ಶೇ. 25 ನಿಕಲ್ ಸೇರಿದ ಮಿಶ್ರಲೋಹ, ಗುಲಾಬಿ ಬರಲೇಬೇಕು.

ಪರೀಕ್ಷೆ ಕೆಲವೊಮ್ಮೆ ಕೈಕೊಡುತ್ತದೆ, ಮುಖ್ಯವಾಗಿ ಹೊಳಪಿಗೆಂದು ಬಳಿದ ಲ್ಯಾಕರ್ ಅಥವಾ ತೆಳು ಚಿನ್ನದ ಲೇಪ ಮೇಲಿದ್ದಾಗ. ಒಳಗಿರುವ ನಿಕಲ್ ಆಗ ಕಾಣುವುದಿಲ್ಲ, ನಾಲ್ಕು ವಾರ ಬಳಸಿ ಲೇಪ ಸವೆದ ಮೇಲೆ ಹೊರಬರುತ್ತದೆ. ಆದ್ದರಿಂದ ಪ್ಯಾಕೆಟ್ಟಿನಿಂದ ಒಂದು ಕೊಕ್ಕೆ ತೆಗೆದು, 600ರ ಉಪ್ಪು ಕಾಗದದಿಂದ ಉಜ್ಜಿ, ಆ ಜಾಗದಲ್ಲೂ ಪರೀಕ್ಷಿಸಿ. ಒಂದೇ ಅಂಗಡಿಯದ್ದಾದರೂ ಪ್ರತಿ ಹೊಸ ಪ್ಯಾಕೆಟ್ಟನ್ನೂ ನೋಡಬೇಕು. ಪ್ಯಾಕೆಟ್ಟಿನ ಮೇಲೆ 'ನಿಕಲ್ ಫ್ರೀ' ಎಂದು ಅಚ್ಚಾಗಿದ್ದರೂ ಈ ಪರೀಕ್ಷೆ ಬಿಡಬೇಡಿ.

ಬದಲಿಗೆ ಏನು

ಕಿವಿಗೆ ಚುಚ್ಚುವ ಕೊಕ್ಕೆಗೆ ಟೈಟಾನಿಯಂ ಅಥವಾ ನಿಯೋಬಿಯಂ ಎಲ್ಲಕ್ಕಿಂತ ಸುರಕ್ಷಿತ. 92.5 ಬೆಳ್ಳಿಯಲ್ಲಿ ಉಳಿದ 7.5 ಭಾಗ ಸಾಮಾನ್ಯವಾಗಿ ತಾಮ್ರ, ಅದೂ ನಡೆಯುತ್ತದೆ. ಲೇಪವಿಲ್ಲದ ತಾಮ್ರ, ಹಿತ್ತಾಳೆಯ ರಿಂಗ್‌ಗಳು ಅಗ್ಗ, ಕೈಕೆಲಸಕ್ಕೆ ಒಳ್ಳೆಯವು. 'ಸರ್ಜಿಕಲ್ ಸ್ಟೀಲ್' ಎಂದು ಮಾರುವ 316ಎಲ್ ಸ್ಟೀಲಿನಲ್ಲಿ ಶೇ. 10ರಿಂದ 14 ನಿಕಲ್ ಇದೆ, ಆದರೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಹೊರಗೆ ಬರುವುದು ಅತ್ಯಲ್ಪ. ಹೆಚ್ಚಿನವರಿಗೆ ತೊಂದರೆಯಿಲ್ಲ, ಈಗಾಗಲೇ ಗುಳ್ಳೆ ಎದ್ದವರು ಹೊಸದಾಗಿ ಚುಚ್ಚಿದ ಕಿವಿಗೆ ಹಾಕದಿರುವುದು ಮೇಲು. ಯುರೋಪಿನ ನಿಯಮವೂ ಚುಚ್ಚಿದ ರಂಧ್ರಕ್ಕೆ ಹೆಚ್ಚು ಬಿಗಿ: ಚರ್ಮಕ್ಕೆ ತಾಗಿರುವ ವಸ್ತು ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂವರೆಗೆ ನಿಕಲ್ ಬಿಡಬಹುದು, ಚುಚ್ಚುವ ಭಾಗಕ್ಕೆ ಮಿತಿ 0.2.

ಮನೆಯಲ್ಲಿರುವ ಹಳೆ ಸರಕನ್ನು ಎಸೆಯಲು ಮನಸ್ಸಾಗದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಮೂರು ಪದರ ಬಳಿದು, ಪ್ರತಿ ಪದರವೂ ಒಣಗಿದ ಮೇಲೆ ಬಳಸಿ. ಜಂಪ್ ರಿಂಗ್‌ಗೆ ಇದು ಪ್ರಯೋಜನವಿಲ್ಲ, ಬಿಚ್ಚುವಾಗಲೇ ಪದರ ಒಡೆಯುತ್ತದೆ. ಕೊಕ್ಕೆಗೂ ಆಗಾಗ ಮತ್ತೆ ಬಳಿಯಬೇಕು.

ಕೆಲಸ ಮಾಡುವಾಗ ತೆಳು ನೈಟ್ರೈಲ್ ಕೈಗವಸು ಸಾಕು. ಅದರೊಳಗೆ ಬೆವರು ನಿಂತರೆ ಗುಳ್ಳೆ ಕೆರಳುತ್ತದೆ, ಹಾಗಾಗಿ 20–30 ನಿಮಿಷಕ್ಕೊಮ್ಮೆ ತೆಗೆದು ಕೈ ಒರೆಸಿ, ಒಳಗೆ ಒದ್ದೆಯಾಗಿದ್ದರೆ ಹೊಸದು ಹಾಕಿ. ಕೊನೆಯಲ್ಲಿ ಸೋಪು ನೀರಿನಲ್ಲಿ ಉಗುರಿನ ಸಂದಿಯನ್ನೂ ತೊಳೆದು, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಎದ್ದ ಗುಳ್ಳೆಗೆ

ಕಾರಣವಾದ ಲೋಹ ಮುಟ್ಟುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಆರುತ್ತದೆ. ತುರಿಕೆಗೆ ತಣ್ಣೀರಿನ ಒದ್ದೆ ಬಟ್ಟೆ 15 ನಿಮಿಷ ಇಡಿ. ಕ್ಯಾಲಮೈನ್ ಹಚ್ಚಬಹುದು, ಚರ್ಮ ಒಣಗಿ ಬಿರಿದಿದ್ದರೆ ಮಾತ್ರ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಸ್ಟೆರಾಯ್ಡ್ ಜೊತೆ ಹುಳುಕಡ್ಡಿ ಔಷಧಿ ಬೆರೆಸಿದ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ಎರಡು ದಿನ ಹಿತವೆನಿಸಿದರೂ ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ಇನ್ನೂ ಜೋರಾಗಿ ಎದ್ದೀತು. ಕೀವು, ನೋವು, ಜ್ವರ ಇದ್ದರೆ ಅಥವಾ ಕಣ್ಣಿನ ಸುತ್ತ ಊದಿದ್ದರೆ ತಡ ಮಾಡದೆ ವೈದ್ಯರಲ್ಲಿ ಹೋಗಿ.

ಕಾರಣ ಖಚಿತವಾಗಬೇಕಾದರೆ ಚರ್ಮರೋಗ ತಜ್ಞರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಶೇ. 5ರ ನಿಕಲ್ ಸಲ್ಫೇಟ್ ಜೊತೆಗೆ ಕೋಬಾಲ್ಟ್, ಕ್ರೋಮಿಯಂ ಲವಣಗಳು, ಅಂಟು ಮತ್ತು ಬೆಸುಗೆಯಲ್ಲಿ ಬರುವ ರಾಳ ಇವನ್ನೆಲ್ಲ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದ ಮೇಲೊಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು. ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಮುಲಾಮು ಹಚ್ಚುತ್ತಿದ್ದರೆ ಮೊದಲೇ ಹೇಳಿ, ಇಲ್ಲವಾದರೆ ಫಲಿತಾಂಶ ತಪ್ಪಾಗುತ್ತದೆ. ಹೋಗುವಾಗ ನೀವು ಬಳಸುವ ಕೊಕ್ಕೆ, ರಿಂಗ್, ತಂತಿಗಳನ್ನು ಒಂದೊಂದು ಪುಟ್ಟ ಚೀಲದಲ್ಲಿ ಹಾಕಿ, ಕಿಟ್‌ನಲ್ಲಿ ಯಾವುದಕ್ಕೆ ಗುಲಾಬಿ ಬಂತು ಎಂದು ಮೇಲೆ ಬರೆದು ತೆಗೆದುಕೊಂಡು ಹೋಗಿ.