ಮಿಕ್ಸರ್, ಲ್ಯಾಪ್‌ಟಾಪ್ ಇಟ್ಟು ಹಾಡು ರೆಕಾರ್ಡ್ ಮಾಡುವಾಗ ಕೂಗು ಏಳದಂತೆ ನೋಡಿಕೊಳ್ಳೋದು ಹೇಗೆ

ನಮ್ಮ ಸೋದರತ್ತೆಗೆ ಈಗ 76. ಹಸೆ ಹಾಡು, ಆರತಿ ಹಾಡು, ಬೀಗರ ಹಾಡು ಅವರ ಬಾಯಲ್ಲಿ ಬೇಕಾದಷ್ಟಿವೆ. ಎಲ್ಲವೂ ಅವರ ಅಮ್ಮನಿಂದ ಕಲಿತವು, ಯಾರೂ ಬರೆದಿಟ್ಟಿಲ್ಲ. ಅವನ್ನು ಒಂದೊಂದಾಗಿ ರೆಕಾರ್ಡ್ ಮಾಡಿಡಬೇಕು ಅಂತ ಹನುಮಂತನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಒಂದು ಮೈಕು, ಸಣ್ಣ ಯುಎಸ್‌ಬಿ ಮಿಕ್ಸರ್, ಲ್ಯಾಪ್‌ಟಾಪ್ ಜೋಡಿಸಿದೆ. ಮೊದಲ ದಿನವೇ ಎಡವಟ್ಟಾಯಿತು. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಲ್ಯಾಪ್‌ಟಾಪಿನಿಂದ ತಂಬೂರಿ ಶ್ರುತಿ ಬಿಟ್ಟು ರೆಕಾರ್ಡ್ ಒತ್ತಲು ಹೋದೆ. ಶ್ರುತಿ ಇದ್ದಕ್ಕಿದ್ದ ಹಾಗೆ ದಪ್ಪಗಾಯಿತು, ಮರುಕ್ಷಣ ಗುಂಯ್ ಅಂತ ಏರಿತು. ಅತ್ತೆ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡು, "ಏನೋ ಇದು, ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯ್ತಲ್ಲೋ" ಅಂದರು. ಆವತ್ತು ಮತ್ತೆ ಹಾಡಲಿಲ್ಲ.

ಇನ್ನೊಬ್ಬರ ಮನೆಯ ಹಿರಿಯರಿಗೆ ಹೀಗಾಗಬಾರದು. ಅದಕ್ಕೇ ನಾನು ಕಲಿತದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೈಕ್‌ಸೆಟ್ಟಿನ ಕೂಗು ನಮಗೆಲ್ಲ ಗೊತ್ತು. ಗಣೇಶನ ಪೆಂಡಾಲಿನಲ್ಲಿ ಮೈಕು ಹಿಡಿದವರು ಸ್ಪೀಕರ್ ಮುಂದೆ ಬಂದರೆ ಕೀಂಯ್ ಅನ್ನುತ್ತದೆ. ಸ್ಪೀಕರಿನಿಂದ ಬಂದ ಸದ್ದು ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು ಸುತ್ತುತ್ತಲೇ ಇರುತ್ತದೆ. ಆದರೆ ನಮ್ಮ ರೂಮಿನಲ್ಲಿ ಸ್ಪೀಕರೇ ಇರಲಿಲ್ಲ. ಸದ್ದು ಗಾಳಿಯಲ್ಲಿ ಸುತ್ತಿದ್ದಲ್ಲ, ವೈರಿನೊಳಗೇ ಸುತ್ತಿತ್ತು. ಇದು ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು.

ದಾರಿಯನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ. ಶ್ರುತಿ ಲ್ಯಾಪ್‌ಟಾಪಿನಿಂದ ಹೊರಟು ಯುಎಸ್‌ಬಿ ವೈರಿನಲ್ಲಿ ಮಿಕ್ಸರಿಗೆ ಬರುತ್ತದೆ. ಮಿಕ್ಸರ್ ಅದನ್ನು ಮೇನ್‌ಗೆ, ಅಂದರೆ ಎಲ್ಲ ಸದ್ದೂ ಒಟ್ಟಾಗಿ ಹೊರಗೆ ಹೋಗುವ ದಾರಿಗೆ, ಸೇರಿಸುತ್ತದೆ. ಮೇನ್‌ನಲ್ಲಿ ಇರುವುದೆಲ್ಲ ಅದೇ ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ವಾಪಸ್ ಹೋಗುತ್ತದೆ. ಅಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಬಂದ ಸದ್ದನ್ನೂ ಕೇಳಿಸುವಂತೆ ಇಟ್ಟಿದ್ದರೆ, ಅದು ಮತ್ತೆ ಮಿಕ್ಸರಿಗೆ ಹೊರಡುತ್ತದೆ. ಸುತ್ತು ಮುಚ್ಚಿತು. ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ, ಒಂದು ಸೆಕೆಂಡಿಗೆ 50 ಸುತ್ತು. ಸುತ್ತಿಗೆ 1 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿದರೂ ಒಂದೇ ಸೆಕೆಂಡಿನಲ್ಲಿ 50 ಡೆಸಿಬೆಲ್. ಕೈ ನಾಬ್ ಮುಟ್ಟುವಷ್ಟರಲ್ಲಿ ಕಿವಿಗೆ ಪೆಟ್ಟು ಬಿದ್ದಿರುತ್ತದೆ.

ಈ ಸುತ್ತನ್ನು ಎರಡು ಕಡೆ ಕತ್ತರಿಸಬಹುದು. ನಾನು ಎರಡೂ ಕಡೆ ಕತ್ತರಿಸುತ್ತೇನೆ. ಒಂದು ಕಡೆ ಮರೆತರೂ ಇನ್ನೊಂದು ಕಾಯುತ್ತದೆ.

ಮೊದಲನೆಯದು ಸಾಫ್ಟ್‌ವೇರ್. ರೆಕಾರ್ಡಿಂಗಿಗೆ ಆಡಾಸಿಟಿ ಬಳಸುತ್ತಿದ್ದರೆ, ಒಳಗೆ ಬಂದ ಸದ್ದನ್ನು ಆಗಲೇ ಕೇಳಿಸುವ ಆಯ್ಕೆ (ಹಳೇ ಆವೃತ್ತಿಗಳಲ್ಲಿ ಅದರ ಹೆಸರು ಸಾಫ್ಟ್‌ವೇರ್ ಪ್ಲೇಥ್ರೂ) ಆಫ್ ಇರಬೇಕು. ರೀಪರ್‌ನಲ್ಲಿ ಟ್ರ್ಯಾಕಿನ ರೆಕಾರ್ಡ್ ಮಾನಿಟರಿಂಗ್ ಆಫ್, ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮಾನಿಟರಿಂಗ್ ಆಫ್. ವಿಂಡೋಸ್‌ನಲ್ಲಿ ಇನ್ನೊಂದು ಬಚ್ಚಿಟ್ಟುಕೊಂಡ ಜಾಗ ಇದೆ. ಸೌಂಡ್ ಸೆಟ್ಟಿಂಗಿನ ರೆಕಾರ್ಡಿಂಗ್ ಭಾಗಕ್ಕೆ ಹೋಗಿ, ನಿಮ್ಮ ಮಿಕ್ಸರಿನ ಪ್ರಾಪರ್ಟೀಸ್ ತೆರೆದು, ಲಿಸನ್ ಅನ್ನುವ ಟ್ಯಾಬ್ ನೋಡಿ. ಅಲ್ಲಿ 'ಲಿಸನ್ ಟು ದಿಸ್ ಡಿವೈಸ್' ಟಿಕ್ ಆಗಿದ್ದರೆ ತೆಗೆದುಹಾಕಿ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಟಿಕ್ ಆಗಿಯೇ ಇತ್ತು. ಸಾಫ್ಟ್‌ವೇರಿನಲ್ಲಿ ಎಲ್ಲ ಆಫ್ ಮಾಡಿದ್ದರೂ ಅತ್ತೆಯ ಕಿವಿಗೆ ಗುಂಯ್ ಬಡಿದದ್ದು ಇದರಿಂದಲೇ.

ಹಾಗಾದರೆ ಹಾಡುವವರಿಗೆ ತಮ್ಮ ದನಿ ಕೇಳೋದು ಹೇಗೆ? ಮಿಕ್ಸರಿನಿಂದಲೇ ನೇರವಾಗಿ ಕೇಳುತ್ತದೆ, ಕಂಪ್ಯೂಟರ್ ಸುತ್ತಿ ಬರಬೇಕಾಗಿಲ್ಲ. ದನಿ ತಡವಾಗಿಯೂ ಬರುವುದಿಲ್ಲ, ಹಾಡುವವರಿಗೆ ಹಾಯಾಗಿರುತ್ತದೆ.

ಎರಡನೆಯ ಜಾಗ ಮಿಕ್ಸರ್. ತುಂಬಾ ಮಿಕ್ಸರುಗಳಲ್ಲಿ ಕಂಪ್ಯೂಟರಿನಿಂದ ಬಂದ ಸದ್ದನ್ನು ಎಲ್ಲಿಗೆ ಕಳಿಸಬೇಕು ಅನ್ನೋದಕ್ಕೆ ಸಣ್ಣ ಬಟನ್‌ಗಳಿರುತ್ತವೆ. ಮೇನ್‌ಗೆ ಕಳಿಸುವುದು ಒಂದು, ಹೆಡ್‌ಫೋನಿಗೆ ಕಳಿಸುವುದು ಇನ್ನೊಂದು (ಅದರ ಮೇಲೆ ಕಂಟ್ರೋಲ್ ರೂಮ್ ಅಂತಲೂ ಬರೆದಿರಬಹುದು). ಹೆಡ್‌ಫೋನಿನದ್ದು ಮಾತ್ರ ಒತ್ತಿ. ಆಗ ಅತ್ತೆಗೆ ಶ್ರುತಿ ಕೇಳುತ್ತದೆ, ಲ್ಯಾಪ್‌ಟಾಪಿಗೆ ವಾಪಸ್ ಹೋಗುವುದಿಲ್ಲ. ಯಮಹಾ ಎಜಿ03, ಎಜಿ06 ಇದ್ದರೆ ಟು ಪಿಸಿ ಅನ್ನುವ ಸ್ವಿಚ್ಚು ನೋಡಿ. ಅದನ್ನು ಲೂಪ್‌ಬ್ಯಾಕ್‌ನಲ್ಲಿ ಇಡಬೇಡಿ. ಅದು ಲೈವ್ ಸ್ಟ್ರೀಮ್ ಮಾಡುವವರಿಗೆ ಬೇಕಾದದ್ದು, ಕಂಪ್ಯೂಟರಿನ ಸದ್ದನ್ನು ಬೇಕಂತಲೇ ಕಂಪ್ಯೂಟರಿಗೆ ವಾಪಸ್ ಕಳಿಸುತ್ತದೆ. ಹಾಡು ರೆಕಾರ್ಡ್ ಮಾಡುವಾಗ ಇನ್‌ಪುಟ್ ಮಿಕ್ಸ್‌ನಲ್ಲಿ ಇರಲಿ.

ನಿಮ್ಮದು ಯುಎಸ್‌ಬಿ ಇಲ್ಲದ ಹಳೇ ಮಿಕ್ಸರ್ ಆದರೂ ಚಿಂತೆಯಿಲ್ಲ. ಶ್ರುತಿಯನ್ನು ಒಂದು ಚಾನೆಲ್‌ಗೆ ತನ್ನಿ. ಲ್ಯಾಪ್‌ಟಾಪಿಗೆ ಮೇನ್ ಔಟ್‌ನಿಂದ ವೈರ್ ಎಳೆಯಬೇಡಿ, ಆಕ್ಸ್ ಸೆಂಡ್‌ನಿಂದ ಎಳೆಯಿರಿ. ಅದು ಪ್ರತಿ ಚಾನೆಲ್‌ನಿಂದ ಬೇಕಾದಷ್ಟನ್ನೇ ಆರಿಸಿ ಕಳಿಸುವ ಬೇರೆ ದಾರಿ. ಮೈಕಿನ ಚಾನೆಲ್‌ನಲ್ಲಿ ಆಕ್ಸ್ ನಾಬ್ ಏರಿಸಿ, ಶ್ರುತಿಯ ಚಾನೆಲ್‌ನಲ್ಲಿ ಅದೇ ನಾಬನ್ನು ಪೂರ್ತಿ ಸೊನ್ನೆಗೆ ಇಳಿಸಿ. ಈಗ ಕಂಪ್ಯೂಟರಿಗೆ ಹೋಗೋದು ಮೈಕ್ ಒಂದೇ. ವೈರು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮಿಕ್ಸರಿನ ಕಡೆ ಯಾವ ಪಿನ್, ಲ್ಯಾಪ್‌ಟಾಪಿನ ಕಡೆ ಯಾವ ಪಿನ್ ಅಂತ ಎರಡೂ ತೂತಿನ ಫೋಟೋ ತೆಗೆದುಕೊಂಡು ಹೋಗಿ. ನಾನು ಬಾಯಲ್ಲಿ ಹೇಳಿ ಎರಡು ಸಲ ತಪ್ಪು ವೈರ್ ತಂದಿದ್ದೇನೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ಯಾರ ಕಿವಿಗೂ ಹೆಡ್‌ಫೋನ್ ಹಾಕುವ ಮೊದಲು ಮೈಕಿನ ಫೇಡರ್, ಅಂದರೆ ಅದರ ಸದ್ದು ಏರಿಸಿ ಇಳಿಸುವ ಹಿಡಿ, ಪೂರ್ತಿ ಕೆಳಗಿಳಿಸಿ (ವೈರ್ ಆಕ್ಸ್‌ನಿಂದ ಎಳೆದಿದ್ದರೆ ಮೈಕಿನ ಆಕ್ಸ್ ನಾಬನ್ನೂ). ಹೆಡ್‌ಫೋನ್ ನಾಬ್ ಸೊನ್ನೆಯಲ್ಲಿರಲಿ. ಶ್ರುತಿ ಬಿಟ್ಟು 10 ಸೆಕೆಂಡ್ ರೆಕಾರ್ಡ್ ಮಾಡಿ. ಪರದೆಯ ಮೇಲೆ ದಾರ ಎಳೆದ ಹಾಗೆ ನೇರ ಗೆರೆ ಬರಬೇಕು. ಅಲೆ ಕಾಣಿಸಿದರೆ ಶ್ರುತಿ ಎಲ್ಲೋ ವೈರಿನಲ್ಲಿ ವಾಪಸ್ ಹೋಗುತ್ತಿದೆ ಅಂತ ಅರ್ಥ. ಕೂಗು ಎದ್ದಿಲ್ಲ ಅಂತ ಸುಮ್ನೆ ಮುಂದೆ ಹೋಗಬೇಡಿ. ಆ ಶ್ರುತಿ ಹಾಡಿನ ಜೊತೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸೋದು ಕಷ್ಟ.

ಗೆರೆ ನೇರವಾಗಿ ಬಂತಾ? ಈಗ ಮೈಕ್ ಏರಿಸಿ, ಹಾಡುವವರ ಜಾಗದಲ್ಲಿ ನೀವು ಹೆಡ್‌ಫೋನ್ ಹಾಕಿಕೊಂಡು ಮಾತಾಡದೆ ಕೂತು, ಇನ್ನೊಮ್ಮೆ ರೆಕಾರ್ಡ್ ಮಾಡಿ. ಸಣ್ಣಗೆ ಶ್ರುತಿ ಕೇಳಿದರೆ ಅದು ಹೆಡ್‌ಫೋನಿನಿಂದ ಸೋರಿದ್ದು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಂದರೆ, ಸೌಂಡ್ ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಅತ್ತೆಗೆ ಎರಡೂ ಕಿವಿ ಮುಚ್ಚಿದರೆ ಹಾಡಲು ಬರುವುದಿಲ್ಲ. ಒಂದು ಕಿವಿ ಬಿಟ್ಟು ಕೂರುತ್ತಾರೆ. ಹಾಗಾಗಿ ಆ ಬದಿಯ ಹೆಡ್‌ಫೋನನ್ನು ಕಿವಿಯ ಹಿಂದೆ ತಲೆಗೆ ಒತ್ತಿಕೊಂಡಿರುವಂತೆ ಕೂರಿಸುತ್ತೇನೆ. ಜೋತುಬಿದ್ದಿದ್ದರೆ ಮೈಕಿಗೆ ನೇರವಾಗಿ ಹಾಡುತ್ತದೆ.

ಇನ್ನೊಂದು ಲಕ್ಷಣ ನೆನಪಿಡಿ. ದನಿ ಬಾವಿಯೊಳಗಿಂದ ಬಂದ ಹಾಗೆ ಟೊಳ್ಳಾಗಿ ಕೇಳಿದರೆ, ಒಂದೇ ದನಿ ಎರಡು ದಾರಿಯಲ್ಲಿ ಬರುತ್ತಿದೆ. ಒಂದು ನೇರ, ಇನ್ನೊಂದು ಕಂಪ್ಯೂಟರ್ ಸುತ್ತಿ. ಕೂಗು ಏಳುವ ಮೊದಲೇ ಇದು ಸಿಗುವ ಸುಳಿವು. ಒಂದೇ ಮಟ್ಟದಲ್ಲಿ ಸುಮ್ಮನೆ ಗುಂ ಅನ್ನುತ್ತಿದ್ದರೆ ಅದು ಬೇರೆ, ಕರೆಂಟಿನ 50 ಹರ್ಟ್ಸ್ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ.

ಸ್ಪೀಕರ್ ಇದ್ದರೆ ರೆಕಾರ್ಡ್ ಮಾಡುವಷ್ಟು ಹೊತ್ತು ಆಫ್. ಗೇನ್, ಅಂದರೆ ಮೈಕಿನ ಸದ್ದನ್ನು ಮಿಕ್ಸರ್ ಮೊದಲು ಹಿಗ್ಗಿಸುವ ಮಟ್ಟ, ಜಾಸ್ತಿ ಬೇಡ. ಹಾಡಿನ ಅತಿ ಎತ್ತರದ ಜಾಗದಲ್ಲಿ ಸಾಫ್ಟ್‌ವೇರಿನ ಮೀಟರ್ ಮೈನಸ್ 12 ಡೆಸಿಬೆಲ್‌ನ ಹತ್ತಿರ ಬಂದರೆ ಸಾಕು. ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಡಿ, ಆಗ ಗೇನ್ ತಾನಾಗಿಯೇ ಕಡಿಮೆ ಸಾಕಾಗುತ್ತದೆ.

ಇಷ್ಟಾದರೂ ಕೂಗು ಎದ್ದರೆ ಮೊದಲು ಹೆಡ್‌ಫೋನ್ ನಾಬ್ ಸೊನ್ನೆಗೆ ತಿರುಗಿಸಿ. ಕಿವಿ ಮೊದಲು, ಕಾರಣ ಆಮೇಲೆ. ನಾನು ಆ ನಾಬಿಗೆ ಕೆಂಪು ಟೇಪ್ ಸುತ್ತಿದ್ದೇನೆ, ನೋಡದೆಯೇ ಕೈ ಹೋಗಲಿ ಅಂತ.

ಅತ್ತೆ ಮತ್ತೆ ಮಹಡಿ ಹತ್ತಲು ಮೂರು ವಾರ ಬೇಕಾಯಿತು. ಬೆಳಗ್ಗೆ ಐದೂವರೆಗೆ, ತರಕಾರಿ ಗಾಡಿಯ ಮೈಕು ಬೀದಿಗೆ ಬರುವ ಮೊದಲು ಕೂತೆವು. ಹೆಡ್‌ಫೋನ್ ಮೊದಲು ನಾನು ಹಾಕಿಕೊಂಡು ಶ್ರುತಿ ಕೇಳಿಸಿಕೊಂಡೆ, ಆಮೇಲೆ ಅವರಿಗೆ ಕೊಟ್ಟೆ. ನಾಬ್ ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾ, "ಸಾಕಾ ಅತ್ತೆ?" ಅಂತ ಕೇಳಿದೆ. "ಇನ್ನೊಂದು ಚೂರು ಕೊಡೋ" ಅಂದರು.